ಸಂಶೋಧನ ಗದ್ಯದಲ್ಲಿ ಕರ್ತೃವಿನ ಪ್ರಶ್ನೆ

ಕನ್ನಡ ಸಂಶೋಧನ ಪ್ರಬಂಧಗಳ ವಸ್ತು, ವಿಧಾನ, ಆಕರಗಳನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಅವುಗಳ ವಾಕ್ಯವನ್ನು ಕುರಿತ ಚರ್ಚೆ ಅಷ್ಟಾಗಿ ನಡೆದಂತಿಲ್ಲ. ‘ಪರಿಶೀಲಿಸಲಾಗಿದೆ’, ‘ವಿಶ್ಲೇಷಿಸಲಾಗಿದೆ’, ‘ಅಭಿಪ್ರಾಯಪಡಲಾಗಿದೆ’ ಎಂಬ ಕ್ರಿಯಾಪದಗಳು ಪಿಎಚ್.ಡಿ. ಪ್ರಬಂಧದ ಪೀಠಿಕೆಯಿಂದ ಸಮಾರೋಪದವರೆಗೆ ಎಷ್ಟು ಸಲೀಸಾಗಿ ಬರುತ್ತವೆಯೆಂದರೆ, ಅದೊಂದು ಆಯ್ಕೆ ಎಂಬುದೇ ಬರೆಯುವವನಿಗೂ ಓದುವವನಿಗೂ ಮರೆತುಹೋಗಿದೆ. ಇದನ್ನು ಶೈಲಿಯ ಸೊಗಸಿನ ಪ್ರಶ್ನೆಯೆಂದು ನಾನು ಭಾವಿಸುವುದಿಲ್ಲ. ಇದು ಪ್ರಮಾಣದ ಪ್ರಶ್ನೆ.

ಈ ರೂಪವನ್ನು ಇಂಗ್ಲಿಷ್ ಕರ್ಮಣಿ ಪ್ರಯೋಗದ ನೆರಳೆಂದು ತಳ್ಳಿಹಾಕುವುದುಂಟು. ಅದು ಅರ್ಧಸತ್ಯ. ‘ಶಾಸನವು ವಿದ್ವಾಂಸರಿಂದ ಓದಲ್ಪಟ್ಟಿತು’ ಎಂಬಲ್ಲಿ ಕರ್ಮಪದ ಪ್ರಥಮಾ ವಿಭಕ್ತಿಗೆ ಬಂದಿದೆ. ಕರ್ತೃ ತೃತೀಯೆಯಲ್ಲಾದರೂ ಉಳಿದಿದ್ದಾನೆ. ‘ಶಾಸನವನ್ನು ಓದಲಾಯಿತು’ ಎಂಬಲ್ಲಾದರೋ ಕರ್ಮಪದ ತನ್ನ ದ್ವಿತೀಯೆಯನ್ನು ಬಿಟ್ಟಿಲ್ಲ, ಕ್ರಿಯಾಪದ ನಪುಂಸಕ ಏಕವಚನದಲ್ಲಿ ನಿಂತಿದೆ, ಕರ್ತೃವಿಗೆ ಸ್ಥಳವೇ ಇಲ್ಲ. ಅವನನ್ನು ಮರಳಿ ಕರೆತರಲು ಹೊರಟರೆ ಇನ್ನೊಂದು ತೊಡಕು. ‘ನನ್ನಿಂದ ಓದಲಾಗಲಿಲ್ಲ’ ಎಂದರೆ ಓದುವ ಶಕ್ತಿ ಸಾಲಲಿಲ್ಲವೆಂದೇ ಕನ್ನಡದಲ್ಲಿ ಅರ್ಥ. ಹೀಗಾಗಿ ‘ಏಳನೆಯ ಸಾಲನ್ನು ಓದಲಾಗಿಲ್ಲ’ ಎಂದು ಪ್ರಬಂಧವೊಂದು ಹೇಳಿದರೆ, ಸಾಲು ಸವೆದಿದೆಯೋ, ಸಂಶೋಧಕ ಅದರ ಗೊಡವೆಗೆ ಹೋಗಲಿಲ್ಲವೋ ತಿಳಿಯದು. ಒಂದು ಕಲ್ಲಿನ ಸ್ಥಿತಿ, ಇನ್ನೊಂದು ಸಂಶೋಧಕನ ಸ್ಥಿತಿ. ಎರಡನ್ನೂ ಒಂದೇ ವಾಕ್ಯ ಹೊತ್ತಿದೆ.

ಹಲ್ಮಿಡಿ ಶಾಸನದ ಕಾಲವನ್ನೇ ನೋಡಬಹುದು. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಈ ಶಾಸನದಲ್ಲಿ ತೇದಿಯಿಲ್ಲ. ಸುಮಾರು ಕ್ರಿ.ಶ. 450 ಎಂಬುದು ಲಿಪಿ, ಭಾಷೆ ಮತ್ತು ಅದರಲ್ಲಿ ಬರುವ ಹೆಸರುಗಳನ್ನು ಆಧರಿಸಿದ ನಿರ್ಣಯ. ಆಧಾರಗಳನ್ನು ತೂಗಿ ವ್ಯಕ್ತಿಗಳು ತಲುಪಿದ ತೀರ್ಮಾನ. ಅದು ‘450ರ ಸುಮಾರಿನದೆಂದು ಊಹಿಸಲಾಗಿದೆ’ ಎಂಬ ವಾಕ್ಯವಾದೊಡನೆ ಊಹಿಸಿದವರು ಯಾರು ಎಂಬುದು ಅಳಿಸಿಹೋಗುತ್ತದೆ. ಮೊದಲು ಓದಿದವರೇ, ಅನಂತರದ ವಿದ್ವಾಂಸರೇ, ಅಥವಾ ಪ್ರಬಂಧಕಾರನೇ ಹೊಸದಾಗಿ ತೂಗಿ ನೋಡಿದನೇ? ಮುಂದಿನ ಪ್ರಬಂಧದಲ್ಲಿ ‘ಊಹಿಸಲಾಗಿದೆ’ ಎಂಬುದು ‘ನಿರ್ಧರಿಸಲಾಗಿದೆ’ ಎಂದಾಗುವುದಕ್ಕೆ ಹೊಸ ಆಧಾರವೇನೂ ಬೇಕಿಲ್ಲ. ಊಹೆಗೆ ಒಡೆಯನಿಲ್ಲದ ಮೇಲೆ ಅದನ್ನು ಏರಿಸುವುದಕ್ಕೂ ಯಾರ ಅಪ್ಪಣೆಯೂ ಬೇಡ.

ಈ ದನಿ ಎಲ್ಲಿಂದ ಬಂತು? ಇದರ ಬಹುಪಾಲು ಕಚೇರಿಯಿಂದ ಬಂದುದೆಂದು ನನಗೆ ತೋರುತ್ತದೆ. 1963ರ ರಾಜಭಾಷಾ ಅಧಿನಿಯಮದ ತರುವಾಯ ಕನ್ನಡ ಆಡಳಿತದಲ್ಲಿ ಬೇರೂರುತ್ತಾ ಬಂದಂತೆ ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಜಾತಿಯ ವಾಕ್ಯ ವಿದ್ಯಾವಂತರ ಬರವಣಿಗೆಗೆಲ್ಲ ಮಾದರಿಯಾಯಿತು. ‘ಸದರಿ ಅಧ್ಯಯನದಲ್ಲಿ’ ಎಂದು ಆರಂಭವಾಗುವ ಅಧ್ಯಾಯಗಳ ಮೇಲೆ ಕಡತದ ಧೂಳು ಇನ್ನೂ ಇದೆ. ಆದರೆ ಆಡಳಿತದಲ್ಲಿ ಈ ನಿರ್ವ್ಯಕ್ತಿಕತೆಗೆ ಒಂದು ನ್ಯಾಯವಿದೆ. ಸಂವಿಧಾನದ 166ನೆಯ ಅನುಚ್ಛೇದದಂತೆ ರಾಜ್ಯದ ಕಾರ್ಯಾಂಗದ ಕ್ರಮಗಳು ರಾಜ್ಯಪಾಲರ ಹೆಸರಿನಲ್ಲಿ ಹೊರಡಬೇಕು. ‘ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂದು ಸಹಿ ಹಾಕುವ ಅಧಿಕಾರಿ ತನ್ನ ಅಭಿಪ್ರಾಯವನ್ನು ಹೇಳುತ್ತಿಲ್ಲ. ಅವನು ಬದಲಾದರೂ ಆದೇಶ ಉಳಿಯಬೇಕು. ಸಂಶೋಧಕನ ಸ್ಥಿತಿ ಇದಕ್ಕೆ ನೇರ ವಿರುದ್ಧ. ಶಾಸನವನ್ನು ಕಂಡವನು, ಓದಿದವನು, ತಪ್ಪಿರಬಹುದಾದವನು ಅವನೊಬ್ಬನೇ. ಕಚೇರಿಯ ದನಿಯನ್ನು ಎರವಲು ಪಡೆದ ಪ್ರಬಂಧ ತನಗಿಲ್ಲದ ಅಧಿಕಾರವನ್ನೂ ಅದರೊಂದಿಗೆ ಎರವಲು ಪಡೆಯುತ್ತದೆ.

ಇದು ಬರಿಯ ಮೈಗಳ್ಳತನವೆಂದು ಹೇಳಿದರೆ ಅನ್ಯಾಯವಾದೀತು. ಕರ್ತೃವಾಗಿ ನಿಲ್ಲುವುದಕ್ಕೆ ಬೆಲೆಯೂ ಇದೆ. ‘ಮಾರ್ಗ’ದ ಮೊದಲ ಸಂಪುಟದ ಕೆಲವು ಅಭಿಪ್ರಾಯಗಳಿಗಾಗಿ ಎಂ.ಎಂ. ಕಲಬುರ್ಗಿಯವರು 1989ರಲ್ಲಿ ಒತ್ತಡಕ್ಕೊಳಗಾಗಿ ಅವುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಅವರು ತಮ್ಮ ಮಾತನ್ನು ತಮ್ಮ ಮಾತೆಂದೇ ಬರೆದಿದ್ದರಿಂದ ಹಿಂತೆಗೆದುಕೊಳ್ಳಿರೆಂದು ಅವರನ್ನು ಕೇಳುವುದು ಸಾಧ್ಯವಾಯಿತು. ‘ಅಭಿಪ್ರಾಯಪಡಲಾಗಿದೆ’ ಎಂಬುದನ್ನು ಹಿಂತೆಗೆದುಕೊಳ್ಳೆಂದು ಯಾರನ್ನು ಕೇಳಬೇಕು? ಅವರು ಧಾರವಾಡದಲ್ಲಿ ಹತ್ಯೆಗೀಡಾದ 2015ರ ಅನಂತರ ಕಿರಿಯ ಸಂಶೋಧಕನೊಬ್ಬ ಈ ಕ್ರಿಯಾಪದದ ಮರೆಯನ್ನು ಬಯಸಿದರೆ ಅವನನ್ನು ವ್ಯಾಕರಣದ ತಪ್ಪಿಗಾಗಿ ತಿದ್ದುವ ಧೈರ್ಯ ನನಗಿಲ್ಲ. ಆದರೆ ಜಾತಿ-ಮತಗಳ ಸೋಂಕಿಲ್ಲದ ಛಂದಸ್ಸಿನ ಪ್ರಬಂಧವೂ, ಕೃಷಿಯ ಪರಿಭಾಷೆಯನ್ನು ಕುರಿತ ಪ್ರಬಂಧವೂ ಅದೇ ಮರೆಯಲ್ಲಿ ಅಡಗಿರುವುದೇಕೆ ಎಂಬುದು ಉಳಿದೇ ಇರುತ್ತದೆ.

ಹಾಗೆಂದು ಪುಟಪುಟಕ್ಕೂ ‘ನಾನು’ ಎಂದೊಡನೆ ದನಿ ಬಂದುಬಿಡುವುದಿಲ್ಲ. ಶಂ.ಬಾ. ಜೋಶಿಯವರ ಬರಹದಲ್ಲಿ ಲೇಖಕ ಸದಾ ಎದುರಿಗಿದ್ದಾನೆ, ಓದುಗನೊಡನೆ ವಾದಿಸುತ್ತಾನೆ. ಅವರ ನಿರುಕ್ತಿಗಳೆಲ್ಲ ವಿದ್ವಾಂಸರಿಗೆ ಒಪ್ಪಿಗೆಯಾಗಿಲ್ಲ. ಆದರೂ ಎಲ್ಲಿ ಒಪ್ಪಬಾರದು ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಏಕೆಂದರೆ ಊಹೆಯ ಪ್ರತಿಯೊಂದು ಹೆಜ್ಜೆಯೂ ಅವರದೇ. ಇತ್ತೀಚಿನ ಕೆಲವು ವಿಮರ್ಶಾಬರಹಗಳ ‘ನಾನು’ವಿನಲ್ಲಿ ಈ ಗುಣ ಕಾಣುವುದಿಲ್ಲ. ಅಲ್ಲಿ ಲೇಖಕನ ಮನಃಸ್ಥಿತಿ ತಿಳಿಯುತ್ತದೆ, ಅವನು ನೋಡಿದ ಹಸ್ತಪ್ರತಿ ತಿಳಿಯುವುದಿಲ್ಲ.

ವಿಚಿತ್ರವೆಂದರೆ ಇದೇ ವಿದ್ಯಾರ್ಥಿಗಳು ಶಾಸನಪಾಠವನ್ನು ಉದ್ಧರಿಸುವಾಗ ಅತ್ಯಂತ ಎಚ್ಚರದಿಂದಿರುತ್ತಾರೆ. ಸಂಪಾದಕ ಸಂದೇಹಪಟ್ಟ ಅಕ್ಷರಕ್ಕೆ, ತಾನೇ ಊಹಿಸಿ ತುಂಬಿದ ಅಕ್ಷರಕ್ಕೆ ಕಂಸ ಹಾಕುವ ಪದ್ಧತಿ ಶಾಸನ ಸಂಪುಟಗಳಲ್ಲಿ ನೆಲೆಗೊಂಡಿದೆ. ವಿದ್ಯಾರ್ಥಿ ಆ ಕಂಸಗಳನ್ನು ಒಂದೂ ಬಿಡದೆ ಇಳಿಸಿಕೊಳ್ಳುತ್ತಾನೆ. ಕೆಳಗಿನ ಸಾಲಿನಲ್ಲಿ ಅದೇ ಪಾಠವನ್ನು ತನ್ನ ಗದ್ಯದಲ್ಲಿ ವಿವರಿಸಲು ತೊಡಗಿದಾಗ ಕಂಸ ಬಿದ್ದುಹೋಗಿ, ಸಂದೇಹದ ಅಕ್ಷರದಿಂದ ಹುಟ್ಟಿದ ಊರಿನ ಹೆಸರು ‘ಎಂದು ಗುರುತಿಸಲಾಗಿದೆ’ ಎಂಬ ಕ್ರಿಯಾಪದದೊಡನೆ ನಕ್ಷೆಯನ್ನು ಸೇರುತ್ತದೆ.