ಆ ರಾತ್ರಿಯ ಮಹಿಮೆ: ಯೋಹಾನ 13:31-35

ಪರಿಷ್ಕೃತ ಸಾಮಾನ್ಯ ಪಾಠಪಟ್ಟಿಯು ತನ್ನ ಮೂರನೆಯ ವರ್ಷದಲ್ಲಿ, ಪುನರುತ್ಥಾನಕಾಲದ 5ನೆಯ ಭಾನುವಾರಕ್ಕೆ ಯೋಹಾನ 13:31-35ನ್ನು ಗೊತ್ತುಮಾಡಿದೆ. ಈ ಮಿತಿಗೆ ನಮ್ಮ ಆಕ್ಷೇಪವಿದೆ. ಪಾಠವು ಒಬ್ಬನು ಹೊರಗೆ ಹೋದನೆಂದು ಆರಂಭವಾಗುತ್ತದೆ. ಹೋದವನು ಯಾರೆಂಬುದು ಸಭೆಗೆ ತಿಳಿಯುವುದಿಲ್ಲ. ಅವನು ಯೂದನೆಂದೂ ಆಗ ರಾತ್ರಿಯಾಗಿತ್ತೆಂದೂ ಹಿಂದಿನ ವಚನಗಳು ಹೇಳುತ್ತವೆ. ಮುಂದೆ 38ನೆಯ ವಚನದಲ್ಲಿ ಪೇತ್ರನ ನಿರಾಕರಣೆಯು ಕಾದಿದೆ. ಇವೆರಡನ್ನೂ ಬಿಟ್ಟರೆ ಮಹಿಮೆಯು ಸ್ತೋತ್ರದ ಮಾತಾಗಿಯೂ ಪ್ರೀತಿಯು ನೀತಿಬೋಧೆಯಾಗಿಯೂ ಅಗಲಿಹೋಗುತ್ತವೆ. ಮೂಲ ಗ್ರೀಕಿನಲ್ಲಾದರೋ ಕರ್ತನ ಮಾತು "ಈಗ" ಎಂಬ ಪದದಿಂದಲೇ ತೊಡಗುತ್ತದೆ. ದ್ರೋಹಿಯು ಬಾಗಿಲು ದಾಟಿದ ಗಳಿಗೆಯೇ ಆ "ಈಗ".

ಕನ್ನಡದ "ಮಹಿಮೆ" ಎಂಬ ಪದವೂ ಪ್ರಸಂಗಿಯನ್ನು ದಾರಿತಪ್ಪಿಸಬಲ್ಲದು. ನಮ್ಮ ಜನರಿಗೆ ಮಹಿಮೆಯೆಂದರೆ ಕ್ಷೇತ್ರದ ಮಹಿಮೆ, ಪವಾಡಪುರುಷನ ಮಹಿಮೆ. ಇಬ್ರಿಯದ "ಕಾವೋದ್" ಎಂಬುದರ ಬೇರಿನಲ್ಲಿರುವುದು ಭಾರ; "ತೂಕದ ಮನುಷ್ಯ" ಎನ್ನುವ ಕನ್ನಡಿಗನಿಗೆ ಇದು ಪರಕೀಯವೇನಲ್ಲ. ಯೆಶಾಯ 52:13ರ ಗ್ರೀಕ್ ಅನುವಾದದಲ್ಲಿ ಬಾಧೆಪಡುವ ಸೇವಕನಿಗೇ ಮಹಿಮೆಪಡುವ ಕ್ರಿಯಾಪದವು ಸಂದಿದೆ. ಯೋಹಾನನು ಅದೇ ಕ್ರಿಯಾಪದವನ್ನು ಶಿಲುಬೆಯ ಕಡೆಗೆ ತಿರುಗಿಸಿದ್ದಾನೆ.

ಬಸವನ ಬಾಗೇವಾಡಿಯ ಸೀಮೆಯ ಗೊಳಸಂಗಿಯಂತಹ ಊರಿನಲ್ಲಿ ಈ ಅಧ್ಯಾಯವನ್ನು ಬೋಧಿಸುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ಪಾದೋದಕವು ಅಷ್ಟಾವರಣಗಳಲ್ಲೊಂದು. ಭಕ್ತನು ಗುರುವಿನ ಪಾದ ತೊಳೆಯುವುದು ಎಲ್ಲರೂ ಬಲ್ಲ ಸಂಗತಿ. ಇಲ್ಲಿ ಗುರುವೇ ಬಾಗಿ ಶಿಷ್ಯರ ಪಾದ ತೊಳೆಯುತ್ತಾನೆ. ಪೇತ್ರನ ಸಂಕೋಚವನ್ನು ಆ ಸೀಮೆಯ ಕೇಳುಗನು ನಮ್ಮ ವ್ಯಾಖ್ಯಾನಗಳ ಹಂಗಿಲ್ಲದೆ ಗ್ರಹಿಸಿಯಾನು. ಎರಡು ಆಚರಣೆಗಳೂ ಒಂದೇ ಎಂದು ಆತುರದಿಂದ ಸಾರುವುದು ಎರಡಕ್ಕೂ ಅನ್ಯಾಯ.

ಯೋಹಾನನ ಆಜ್ಞೆಯು ಸಂಕುಚಿತವೆಂದೂ, "ಒಬ್ಬರನ್ನೊಬ್ಬರು" ಎಂಬುದು ಸಭೆಯ ಗೋಡೆಯೊಳಗೇ ನಿಲ್ಲುತ್ತದೆಂದೂ, ಮತ್ತಾಯ 5:44ರ ಶತ್ರುಪ್ರೀತಿಯ ಎತ್ತರ ಇದಕ್ಕಿಲ್ಲವೆಂದೂ ಆಧುನಿಕ ಪಂಡಿತರಲ್ಲಿ ಹಲವರು ಹೇಳಿದ್ದಾರೆ. ಪದವನ್ನಷ್ಟೇ ನೋಡಿದರೆ ಆಕ್ಷೇಪ ನಿಜವೇ. ಆದರೆ ಯಾಜಕಕಾಂಡ 19:18ರಲ್ಲಿ ಪ್ರೀತಿಯ ಅಳತೆ ತಾನೇ ಆಗಿದ್ದರೆ, ಇಲ್ಲಿ ಅಳತೆ ಕ್ರಿಸ್ತನು ಪ್ರೀತಿಸಿದ ರೀತಿ. ಆ ರಾತ್ರಿ ಆತನು ತೊಳೆದ ಪಾದಗಳಲ್ಲಿ ಯೂದನವೂ ಇದ್ದವು. ಅದ್ದಿದ ತುತ್ತೂ ಅವನ ಕೈಸೇರಿತು. ಗೋಡೆಯೊಳಗಾದರೂ ಈ ಅಳತೆ ನಮ್ಮಲ್ಲಿದೆಯೇ? ಒಂದೇ ಪಾತ್ರೆಯಲ್ಲಿ ಪಾಲುಗೊಂಡವರು ಮದುವೆಯ ಮಾತು ಬಂದೊಡನೆ ಹಿಂದಿನ ಜಾತಿಯನ್ನು ವಿಚಾರಿಸುವುದನ್ನು ಸಭಾಪಾಲಕರೆಲ್ಲರೂ ಬಲ್ಲರು.

ಆದುದರಿಂದ ಆ ಭಾನುವಾರ ಪಾಠವನ್ನು 21ನೆಯ ವಚನದಿಂದ 38ರ ತನಕ ಓದಿಸಬೇಕೆಂಬುದು ನಮ್ಮ ಸಲಹೆ. ಆರಾಧನೆಯು ಎರಡು ನಿಮಿಷ ದೀರ್ಘವಾದೀತು, ಅಷ್ಟೆ.