ಇಟ್ಟಿಗೆ, ರೂಪಾಯಿ ಮತ್ತು ನಡುರಾತ್ರಿಯ ಸಾಲ

ಅಗರ್‌ವಾಲರ ಮನೆಗಳಲ್ಲಿ ಒಂದು ಕಥೆ ಹೇಳುತ್ತಾರೆ. ಮಹಾರಾಜ ಅಗ್ರಸೇನ ಆಳುತ್ತಿದ್ದ ಅಗ್ರೋಹಕ್ಕೆ ಹೊಸ ಕುಟುಂಬ ನೆಲೆಸಲು ಬಂದರೆ, ಅಲ್ಲಿನ ಪ್ರತಿ ಮನೆಯವರೂ ಅದಕ್ಕೆ ಒಂದು ಇಟ್ಟಿಗೆ, ಒಂದು ರೂಪಾಯಿ ಕೊಡಬೇಕು. ಊರಲ್ಲಿ ಲಕ್ಷ ಮನೆ. ಇಟ್ಟಿಗೆಯಿಂದ ಮನೆ ಎದ್ದಿತು, ರೂಪಾಯಿಯಿಂದ ವ್ಯಾಪಾರ ಕುದುರಿತು, ಬಂದವರು ನೆರೆಹೊರೆಯವರಿಗೆ ಸರಿಸಮರಾದರು. ಹರಿಯಾಣದ ಹಿಸಾರ್ ಜಿಲ್ಲೆಯ ಅಗ್ರೋಹದ ದಿಬ್ಬವನ್ನು 1938-39ರಲ್ಲಿ ಅಗೆದಾಗ ಅಲ್ಲಿದ್ದ ಪ್ರಾಚೀನ ‘ಜನಪದ’ ರಾಜ್ಯದ ನಾಣ್ಯಗಳು ಸಿಕ್ಕಿದವು. ಪಟ್ಟಣವಿದ್ದದ್ದು ದಿಟ, ರಾಜನೂ ಅವನ ಕಟ್ಟಳೆಯೂ ನಂಬಿಕೆಗೆ ಸೇರಿದವು.

ಚೆಂದದ ಕಥೆ. ಆದರೆ ವರ್ತಕ ಸಮುದಾಯವೊಂದು ತನ್ನವರನ್ನು ಹೇಗೆ ಎತ್ತಿ ನಿಲ್ಲಿಸಿತು ಎಂದು ಕೇಳುವವರಿಗೆ ಇದು ಸಾಲದು. ಸಮಾರಂಭಗಳಲ್ಲಿ ಇದನ್ನೇ ಮತ್ತೆ ಮತ್ತೆ ಹೇಳುತ್ತ ಮಾರ್ವಾಡಿಗಳು, ಅಂದರೆ ರಾಜಸ್ಥಾನದಿಂದ ವಲಸೆ ಹೋದ ಅಗರ್‌ವಾಲ ಮುಂತಾದ ವರ್ತಕರು, ತಮ್ಮ ಹಿರಿಯರ ನಿಜವಾದ ಜಾಣ್ಮೆಯನ್ನೇ ಮರೆಗೆ ಸರಿಸಿದ್ದಾರೆ. ಕಥೆಯಲ್ಲಿರುವುದು ಒಮ್ಮೆ ಸಿಕ್ಕಿ ಮುಗಿಯುವ ದಾನ. ಬದುಕಿನಲ್ಲಿ ಕೆಲಸ ಮಾಡಿದ್ದು ಸಾಲ, ಕಲಿಕೆ ಮತ್ತು ಲೆಕ್ಕ.

19ನೇ ಶತಮಾನದಲ್ಲಿ ರಾಜಸ್ಥಾನದ ಶೇಖಾವಾಟಿಯ ಮರಳು ಊರುಗಳಿಂದ ಅಗರ್‌ವಾಲ, ಮಾಹೇಶ್ವರಿ, ಓಸ್ವಾಲ ಕುಟುಂಬಗಳ ಹುಡುಗರು ಕಲ್ಕತ್ತೆ, ಮುಂಬಯಿಗಳ ದಾರಿ ಹಿಡಿದರು. ಪಿಲಾನಿಯಿಂದ ಮುಂಬಯಿಗೆ ಹೋದ, ಬಿರ್ಲಾ ಉದ್ಯಮ ಮನೆತನದ ಹಿರಿಯ ಶಿವನಾರಾಯಣ ಬಿರ್ಲಾ ಕೂಡ ಇದೇ ವಲಸೆಯವರು. ಹೊಸ ಊರಿನಲ್ಲಿ ಇಳಿದವನಿಗೆ ಮೊದಲು ಸಿಗುತ್ತಿದ್ದದ್ದು ‘ಬಾಸಾ’. ಮಲಗಲು ಜಾಗ, ತನ್ನ ನಾಡಿನ ಅಡುಗೆ, ಮಾರುಕಟ್ಟೆಯ ಸುದ್ದಿ, ಮೂರೂ ಒಂದೇ ಸೂರಿನಡಿ. ಕೆಲವು ಬಾಸಾಗಳು ದೊಡ್ಡ ಗದ್ದಿಯವರ, ಅಂದರೆ ವ್ಯಾಪಾರಿ ಮನೆತನದವರ, ಧರ್ಮದಿಂದ ನಡೆದರೆ, ಕೆಲವನ್ನು ಅಲ್ಲಿ ಉಣ್ಣುವವರೇ ಖರ್ಚು ಹಂಚಿಕೊಂಡು ನಡೆಸುತ್ತಿದ್ದರು. ಆಮೇಲೆ ಆ ಹುಡುಗ ಯಾರದೋ ಗದ್ದಿಯಲ್ಲಿ ಗುಮಾಸ್ತನಾಗಿ ಸೇರುತ್ತಿದ್ದ. ನಗದು ಲೆಕ್ಕದ ‘ರೋಕಡ್ ಬಹಿ’ ಬರೆಯುವುದು, ಹಣ ಪಾವತಿಯ ಪತ್ರವಾದ ಹುಂಡಿ ಓದುವುದು, ದಿನದ ಕೊನೆಗೆ ಲಾಭನಷ್ಟದ ‘ಪಡತಾ’ ತೆಗೆಯುವುದು, ಎಲ್ಲವನ್ನೂ ಕೆಲಸ ಮಾಡುತ್ತಲೇ ಕಲಿಯುತ್ತಿದ್ದ. ವ್ಯಾಪಾರಿಗಳು ತಮ್ಮ ಮಕ್ಕಳನ್ನೂ ಅಣ್ಣತಮ್ಮಂದಿರ ಮಕ್ಕಳನ್ನೂ ಬೇರೆಯವರ ಪೇಢಿಗೆ, ಅಂದರೆ ವ್ಯಾಪಾರ ಸಂಸ್ಥೆಗೆ, ಕಳಿಸುತ್ತಿದ್ದರು. ತಂದೆಯ ಅಂಗಡಿಯಲ್ಲಿ ಮುಚ್ಚಿಹೋಗುವ ತಪ್ಪು ಅಲ್ಲಿ ಮುಚ್ಚಿಹೋಗುತ್ತಿರಲಿಲ್ಲ. ರಾಮಗಢದ ಪೋದ್ದಾರರ ತಾರಾಚಂದ್ ಘನಶ್ಯಾಮದಾಸ್ ಪೇಢಿಯಂಥ ದೊಡ್ಡ ಮನೆಗಳು ಹೀಗೆ ಎಷ್ಟೋ ವ್ಯಾಪಾರಿಗಳಿಗೆ ಪಾಠಶಾಲೆಯಾದವು. ಮಾರ್ವಾಡಿಗಳ ಬಗ್ಗೆ 1978ರಲ್ಲಿ ಪುಸ್ತಕ ಬರೆದ ಥಾಮಸ್ ಟಿಂಬರ್ಗ್ ಈ ಪೇಢಿಯ ವ್ಯವಹಾರವನ್ನು ವಿವರವಾಗಿ ಅಭ್ಯಾಸ ಮಾಡಿದ್ದಾರೆ.

ನನಗೆ ತುಂಬ ಹಿಡಿಸುವುದು ಇವರ ಕೈಗಡದ ಕ್ರಮ. ಅಡಚಣೆ ಬಂದಾಗ ಒಬ್ಬ ವ್ಯಾಪಾರಿ ಇನ್ನೊಬ್ಬನಿಂದ ಹಣ ತರುತ್ತಿದ್ದ. ಕೊಟ್ಟವನು ನಡುರಾತ್ರಿ ಬಂದು ಕೇಳಿದರೂ ಹಿಂದಿರುಗಿಸಬೇಕಿತ್ತು, ನಾಳೆ ಅವನಿಗೆ ಬೇಕಾದಾಗ ತಾನೂ ಕೊಡಬೇಕಿತ್ತು. ವರ್ಷದ ಕೊನೆಗೆ ಇಬ್ಬರೂ ಕೂತು ಬಡ್ಡಿಯ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಿದ್ದರು. ಇಲ್ಲಿ ಪಡೆದವನು ತಲೆ ತಗ್ಗಿಸಬೇಕಿರಲಿಲ್ಲ, ಇಂದಿನ ಸಾಲಗಾರ ನಾಳಿನ ಸಾಹುಕಾರ. ದಾನವಾಗಿದ್ದರೆ ಕೊಟ್ಟವನು ಮೇಲೆ, ಪಡೆದವನು ಕೆಳಗೆ ಎಂಬ ಅಂತರ ಉಳಿದೇ ತೀರುತ್ತಿತ್ತು. ಇಟ್ಟಿಗೆಯ ಕಥೆ ಸಾರುವ ಸಮಾನತೆ ಸಾಧ್ಯವಾದದ್ದು ಬಡ್ಡಿಯನ್ನೂ ಬಿಡದೆ ಎಣಿಸಿದ ಈ ವ್ಯವಹಾರದಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮಾತಿಗೆ ತಪ್ಪಿದವನಿಗೆ ಕೋರ್ಟಿಗಿಂತ ದೊಡ್ಡ ಶಿಕ್ಷೆ ಕಾದಿರುತ್ತಿತ್ತು: ಪೇಟೆಯಲ್ಲಿ ಪತ್ತು ಹೋಗುತ್ತಿತ್ತು, ಮಕ್ಕಳಿಗೆ ಸಂಬಂಧ ಕೂಡಿಬರುವುದೂ ಕಷ್ಟವಾಗುತ್ತಿತ್ತು.

ಈ ವ್ಯವಸ್ಥೆಯ ಭಾರ ಹೊತ್ತವರಲ್ಲಿ ಹೆಂಗಸರೂ ಇದ್ದರು. ಗಂಡಸು ವರ್ಷಗಟ್ಟಲೆ ಕಲ್ಕತ್ತೆಯಲ್ಲಿ ಉಳಿಯಬಲ್ಲವನಾಗಿದ್ದು ಶೇಖಾವಾಟಿಯ ಕೂಡುಕುಟುಂಬದಲ್ಲಿ ಹೆಂಡತಿ ಮನೆ, ಮಕ್ಕಳು, ಅತ್ತೆಮಾವಂದಿರನ್ನು ನೋಡಿಕೊಂಡಿದ್ದರಿಂದ. ಅವಳ ದುಡಿಮೆಗೆ ಯಾವ ಬಹಿಯಲ್ಲೂ ಜಮೆ ಇಲ್ಲ. ಪರಸ್ಪರ ನೆರವು ಎಂದು ಹೊಗಳುವಾಗ ಈ ಏಕಮುಖ ನೆರವನ್ನು ಬಿಟ್ಟು ಮಾತಾಡುವುದು ಅನ್ಯಾಯ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಸಮುದಾಯದ ಗಡಿಯದು. ಬಾಸಾದ ಬಾಗಿಲು ಹುಟ್ಟು ನೋಡಿ ತೆರೆಯುತ್ತಿತ್ತು. ಒಳಗಿನವನಿಗೆ ನಡುರಾತ್ರಿಯೂ ಸಿಗುತ್ತಿದ್ದ ಹಣ ಹೊರಗಿನ ರೈತನನ್ನು ತಲುಪುವಾಗ ಬೇರೆಯೇ ದರದಲ್ಲಿ, ಬೇರೆಯೇ ಮುಖದಲ್ಲಿ ತಲುಪುತ್ತಿತ್ತು. ದೊಡ್ಡ ಪೇಟೆಯ ಸಾಹುಕಾರನಿಂದ ಹಣ ತಂದು ಹಳ್ಳಿಯ ಲೇವಾದೇವಿಗಾರ ಅದನ್ನು ಹೆಚ್ಚಿನ ಬಡ್ಡಿಗೆ ಬಿಡುತ್ತಿದ್ದ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಮಾರ್ವಾಡಿ, ಗುಜರಾತಿ ಸಾಹುಕಾರರ ಅಂಗಡಿಗಳ ಮೇಲೆ ಬಿದ್ದರು. ಅಲ್ಲಿಂದ ಹಬ್ಬಿದ ದಖನ್ ದಂಗೆಯಲ್ಲಿ ಅವರು ಮುಖ್ಯವಾಗಿ ಹುಡುಕಿದ್ದು ಸಾಲಪತ್ರಗಳನ್ನು, ಸುಟ್ಟದ್ದೂ ಅವನ್ನೇ. ಕಂದಾಯದ ಹೊರೆಯನ್ನೂ ಹತ್ತಿಯ ಬೆಲೆ ಕುಸಿತವನ್ನೂ ಮರೆತು ಎಲ್ಲ ಪಾಪವನ್ನೂ ಸಾಹುಕಾರನ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಒಂದೇ ಸಮುದಾಯದ ಬಹಿಗಳಲ್ಲಿ ಅಷ್ಟು ನಂಬಿಕೆಯೂ ಅಷ್ಟು ಸಿಟ್ಟು ಹುಟ್ಟಿಸುವ ಬಡ್ಡಿಯೂ ಜೊತೆಜೊತೆಗೆ ಇದ್ದವು. ಸಮುದಾಯದ ಅಭಿಮಾನದ ಬರಹಗಳು ಈ ಪುಟವನ್ನು ಹಾರಿಸಿ ಮುಂದೆ ಹೋಗುತ್ತವೆ.

ನಮ್ಮ ಕಡೆ ಸಾಹುಕಾರನ ಈ ಬಡ್ಡಿಗೆ ಉತ್ತರ ಹುಡುಕಿದ್ದು ಗದಗ ತಾಲ್ಲೂಕಿನ ಕಣಗಿನಹಾಳ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿನ ರೈತರು ತಮ್ಮ ಸಂಘ ಕಟ್ಟಿಕೊಂಡರು. ಗದ್ದಿಯವರು ತಮ್ಮೊಳಗೆ ಮಾಡಿದ್ದನ್ನು ಇವರು ಊರಿನ ನೆಲೆಯಲ್ಲಿ ಮಾಡಲು ಹೊರಟರು. ಆ ದಾರಿ ನನಗೆ ಹೆಚ್ಚು ಗೌರವದ್ದು. ಆದರೆ ಮುಂದೆ ನಾಡಿನ ಉದ್ದಗಲಕ್ಕೆ ಹಬ್ಬಿದ ಪತ್ತಿನ ಸಂಘಗಳು ಸಾಲ ಕೊಡುವುದನ್ನು ಕಲಿತಷ್ಟು ಚೆನ್ನಾಗಿ, ಸಾಲ ಪಡೆದವನಿಗೆ ವ್ಯವಹಾರ ಕಲಿಸುವುದನ್ನು ಕಲಿಯಲಿಲ್ಲ. ಪಡತಾ ತೆಗೆಯಲು ಗೊತ್ತಿಲ್ಲದವನ ಕೈಗೆ ಬಂಡವಾಳ ಬಂತು.

ಇಂದು ಇಂಥ ವರ್ತಕ ಸಮುದಾಯಗಳು ಕಟ್ಟಿಸಿದ ಆಸ್ಪತ್ರೆ, ಶಾಲೆ, ಧರ್ಮಶಾಲೆಗಳಲ್ಲಿ ಬಹಳಷ್ಟಕ್ಕೆ ಎಲ್ಲರೂ ಹೋಗಬಹುದು. ಅದು ದೊಡ್ಡ ಮಾತೇ. ಆದರೆ ಬೆಂಗಳೂರಿನ ಚಿಕ್ಕಪೇಟೆಯ ಬಟ್ಟೆ ಮಳಿಗೆಯಲ್ಲಿ ಥಾನು ಹೊತ್ತು, ಅಳತೆ ಹಾಕಿ ವರ್ಷಗಳನ್ನು ಕಳೆದ ರಾಯಚೂರಿನ ಹುಡುಗನಿಗೆ ಲೆಕ್ಕದ ಪುಸ್ತಕ ಓದಲು ಕಲಿಸಿ, ಸೂರತ್ತಿನ ಸಗಟು ವ್ಯಾಪಾರಿಗೆ ಅವನ ಪರವಾಗಿ ಒಂದು ಮಾತು ಹೇಳಿ, ಸ್ವಂತ ಅಂಗಡಿ ಇಡಲು ಉದ್ದರಿ ಮಾಲು ಕೊಡಿಸುವ ಕ್ರಮವನ್ನು ಯಾವ ಸಮುದಾಯದ ಟ್ರಸ್ಟೂ ತನ್ನ ಸೇವಾಕಾರ್ಯಗಳ ಪಟ್ಟಿಗೆ ಸೇರಿಸಿದ್ದನ್ನು ನಾನು ಕಂಡಿಲ್ಲ.