ಎಳೆಯರ ಪರೀಕ್ಷೆಯೂ ಕನ್ನಡದ ಪ್ರಶ್ನಪತ್ರಿಕೆಯೂ

೧

ಸಾಹಿತ್ಯವಿಮರ್ಶೆಯು ಕಾವ್ಯ, ನಾಟಕ, ಕಾದಂಬರಿಗಳನ್ನು ಪರಿಶೀಲಿಸುವುದು ವಾಡಿಕೆ. ನಿಘಂಟು, ವ್ಯಾಕರಣ, ಪಠ್ಯಪುಸ್ತಕಗಳನ್ನೂ ಅದು ಒಮ್ಮೊಮ್ಮೆ ತನ್ನ ಕಕ್ಷೆಗೆ ಸೇರಿಸಿಕೊಂಡಿರುವುದುಂಟು. ಆದರೆ ಒಂದೇ ದಿನದಲ್ಲಿ, ಒಂದೇ ಗಳಿಗೆಯಲ್ಲಿ ಲಕ್ಷಾಂತರ ಓದುಗರ ಕೈಸೇರುವ ಬರೆಹವೊಂದು ವಿಮರ್ಶಕರ ದೃಷ್ಟಿಗೆ ಹೆಚ್ಚಾಗಿ ಬಿದ್ದಂತೆ ತೋರುವುದಿಲ್ಲ. ಅದು ಪ್ರಾಥಮಿಕ ಶಾಲೆಗಳ ಏಕರೂಪ ಪರೀಕ್ಷೆಯ ಕನ್ನಡ ಪ್ರಶ್ನಪತ್ರಿಕೆ. ಅದನ್ನು ರಚಿಸುವವರು ಕನ್ನಡದ ಅಧ್ಯಾಪಕರು. ಉತ್ತರಗಳಿಗೆ ಬೆಲೆ ಕಟ್ಟುವವರೂ ಅವರೇ. ಹೀಗಿರಲು ಅದನ್ನು ಕೇವಲ ಆಡಳಿತದ ಕಾಗದವೆಂದು ಬದಿಗಿರಿಸದೆ ಒಂದು ಬರೆಹವೆಂದೇ ಎಣಿಸಿ, ಅದು ಯಾರನ್ನು ಕುರಿತು, ಯಾವ ಭಾಷೆಯಲ್ಲಿ, ಏನನ್ನು ಕೇಳುತ್ತದೆ ಎಂಬುದನ್ನು ವಿಚಾರಿಸುವುದು ಯುಕ್ತವಾಗಿದೆ.

ಈ ವಿಚಾರಕ್ಕೆ ಪುತ್ತೂರಿನ ದರ್ಬೆಯ ಪರಿಸರವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ೧೯೫೮ರಲ್ಲಿ ಸ್ಥಾಪಿತವಾದ ಸಂತ ಫಿಲೋಮಿನಾ ಕಾಲೇಜಿನಿಂದ ಹೆಸರಾದ ಈ ಎಡೆ ಪುತ್ತೂರು ಪೇಟೆಯ ಒಂದು ಭಾಗ. ತುಳು, ಹವ್ಯಕ ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ, ಮರಾಠಿ ಈ ಸೀಮೆಯ ಮನೆಮಾತುಗಳು. ಸುಳ್ಯದ ಕಡೆಗೆ ಸಾಗಿದರೆ ಅರೆಭಾಷೆಯೂ ಸೇರುತ್ತದೆ. ಇಂತಹ ಊರಿನ ಕನ್ನಡ ಶಾಲೆಯಲ್ಲಿ ‘ಪ್ರಥಮ ಭಾಷೆ’ ಎಂಬ ಮಾತಿಗೆ ಮೊದಲು ಕಲಿತ ಭಾಷೆ ಎಂಬ ಅರ್ಥ ಹೊಂದುವುದಿಲ್ಲ. ಬಹುಮಂದಿ ಮಕ್ಕಳಿಗೆ ಗ್ರಾಂಥಿಕ ಕನ್ನಡವು ಶಾಲೆಯ ಹೊಸ್ತಿಲಲ್ಲಿ ಎದುರಾಗುವ ಭಾಷೆ. ಏಕರೂಪ ಪರೀಕ್ಷೆ ಈ ಸಂಗತಿಯನ್ನು ಗಣನೆಗೆ ತರದಿರುವುದೇ ಇಲ್ಲಿ ವಿಚಾರಣೀಯವಾದ ಮುಖ್ಯ ಅಂಶ.

೨

ಮಕ್ಕಳ ಉತ್ತರಗಳಿಂದ ಶಾಲೆಯ ಯೋಗ್ಯತೆಯನ್ನು ಅಳೆಯುವ ಪದ್ಧತಿ ಇಂದಿನದಲ್ಲ. ಇಂಗ್ಲೆಂಡಿನಲ್ಲಿ ೧೮೬೨ರ ಪರಿಷ್ಕೃತ ನಿಯಮಾವಳಿಯು ಶಾಲೆಗೆ ಕೊಡುವ ಸಹಾಯದ್ರವ್ಯವನ್ನು ಮಕ್ಕಳ ಓದು, ಬರೆಹ, ಲೆಕ್ಕಗಳ ಪರೀಕ್ಷೆಯ ಫಲಕ್ಕೆ ಗಂಟುಹಾಕಿತು. ಆಗ ಶಾಲಾ ತನಿಖಾಧಿಕಾರಿಯಾಗಿದ್ದವರಲ್ಲಿ ಕವಿಯೂ ವಿಮರ್ಶಕನೂ ಆದ ಮ್ಯಾಥ್ಯೂ ಆರ್ನಲ್ಡನು ಒಬ್ಬ. ೧೮೫೧ರಿಂದ ೧೮೮೬ರವರೆಗೆ ಅವನು ಆ ಉದ್ಯೋಗದಲ್ಲಿದ್ದನು. ಮಗು ನಿಜವಾಗಿ ಓದಲು ಕಲಿಯದೆಯೇ ಓದಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಬಲ್ಲುದೆಂದೂ, ಪದ್ಧತಿಯಿಂದ ಪಾಠ ಯಾಂತ್ರಿಕವಾಗುತ್ತಿರುವುದೆಂದೂ ಅವನು ಸರಕಾರಕ್ಕೆ ಬರೆದ ವರದಿಗಳಲ್ಲೇ ಆಕ್ಷೇಪಿಸಿದನು.

ದಕ್ಷಿಣ ಕನ್ನಡ ಜಿಲ್ಲೆ ಒಳಪಟ್ಟಿದ್ದ ಮದರಾಸು ಪ್ರಾಂತದಲ್ಲಿಯೂ ಇದೇ ನೀತಿ ಕೆಲವು ದಶಕಗಳ ಕಾಲ ನಡೆಯಿತು. ೧೯೦೪ರಲ್ಲಿ ಭಾರತ ಸರಕಾರ ಹೊರಡಿಸಿದ ಶಿಕ್ಷಣನಿರ್ಣಯವು ಅದನ್ನು ತ್ಯಾಜ್ಯವೆಂದು ಸಾರಿತು. ಈ ಜಿಲ್ಲೆಯಲ್ಲಿಯೂ ಕವಿಯಾದ ತನಿಖಾಧಿಕಾರಿಯೊಬ್ಬರಿದ್ದುದು ಗಮನಾರ್ಹ. ಬಂಟವಾಳದಲ್ಲಿ ೧೮೭೪ರಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಅಧ್ಯಾಪಕರಾಗಿಯೂ ಶಾಲಾ ತನಿಖಾಧಿಕಾರಿಗಳಾಗಿಯೂ ದುಡಿದು, ೧೯೩೪ರಲ್ಲಿ ರಾಯಚೂರಿನ ಸಾಹಿತ್ಯಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದರು. ಆರ್ನಲ್ಡನು ಪರೀಕ್ಷೆಯ ದೋಷವನ್ನು ವರದಿಯಲ್ಲಿ ಬರೆದನು. ಪಂಜೆಯವರು ಶಾಲೆಯ ಮಕ್ಕಳಿಗೆ ಬೇಕಾದ ಪದ್ಯಗಳನ್ನೂ ಕಥೆಗಳನ್ನೂ ತಾವೇ ಬರೆದುಕೊಟ್ಟರು. ಪಂಜೆಯವರ ಮನೆಮಾತು ಕೊಂಕಣಿ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತೂ ಅದೇ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಕರಾವಳಿಯ ಕನ್ನಡವನ್ನು ಕಟ್ಟಿದವರಲ್ಲಿ ಅನೇಕರು ಬೇರೆ ಮನೆಮಾತಿನಿಂದ ಕನ್ನಡಕ್ಕೆ ಬಂದವರೆಂಬುದನ್ನು ಮರೆತು ಈ ಸೀಮೆಯ ಮಕ್ಕಳ ಭಾಷಾಶಕ್ತಿಯನ್ನು ನಿರ್ಣಯಿಸಲಾಗದು.

೩

ಇತ್ತೀಚಿನ ಸ್ಥಿತಿಯನ್ನು ಸಂಗ್ರಹವಾಗಿ ಹೇಳುವುದಾದರೆ, ೨೦೦೯ರ ಶಿಕ್ಷಣಹಕ್ಕಿನ ಶಾಸನವು ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಂಡಳಿಯ ಪರೀಕ್ಷೆ ಕೂಡದೆಂದು ವಿಧಿಸಿತು. ೨೦೧೯ರ ತಿದ್ದುಪಡಿ ಐದನೆಯ ಹಾಗೂ ಎಂಟನೆಯ ತರಗತಿಗಳ ಕೊನೆಯಲ್ಲಿ ಪರೀಕ್ಷೆ ನಡೆಸಲು ಎಡೆಮಾಡಿತು. ಕರ್ನಾಟಕದಲ್ಲಿ ೨೦೨೨–೨೩ನೆಯ ಶಾಲಾವರ್ಷದಲ್ಲಿ ಈ ಎರಡು ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ಗೊತ್ತಾಯಿತು. ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಅದನ್ನು ರದ್ದುಪಡಿಸಿತು. ವಿಭಾಗೀಯ ಪೀಠ ಅನುಮತಿಯಿತ್ತಿತು. ೨೦೨೩ರ ಮಾರ್ಚಿಯಲ್ಲಿ ಪರೀಕ್ಷೆ ನಡೆಯಿತು. ಮರುವರ್ಷ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಏರಿ, ೨೦೨೪ರ ಏಪ್ರಿಲಿನಲ್ಲಿ ಫಲಿತಾಂಶದ ಪ್ರಕಟನೆಗೆ ತಡೆ ಬಿದ್ದಿತು. ಪರೀಕ್ಷೆ ನಡೆಸುವ ಅಧಿಕಾರದ ಕುರಿತು ಇಷ್ಟೊಂದು ವಾದ ನಡೆಯಿತಾದರೂ ಪ್ರಶ್ನಪತ್ರಿಕೆಯ ಒಳಗೇನಿರಬೇಕೆಂಬ ವಾದ ಆ ಪ್ರಮಾಣದಲ್ಲಿ ಏಳಲಿಲ್ಲ.

ಇದಲ್ಲದೆ ಶಾಲೆಗಳ ಸ್ಥಿತಿಯನ್ನರಿಯಲು ನಡೆಯುವ ಸಮೀಕ್ಷೆಗಳು ಬೇರೆ. ೨೦೨೧ರ ನವೆಂಬರ್ ೧೨ರಂದು ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯಲ್ಲಿ ೩, ೫, ೮, ೧೦ನೆಯ ತರಗತಿಗಳ ಮಕ್ಕಳು ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಆರಿಸಬೇಕಾಗಿದ್ದಿತು. ೨೦೦೫ರಿಂದ ‘ಪ್ರಥಮ್’ ಸಂಸ್ಥೆ ನಡೆಸುತ್ತ ಬಂದಿರುವ ‘ಅಸರ್’ ಸಮೀಕ್ಷೆಯ ಕ್ರಮ ಇದಕ್ಕಿಂತ ಭಿನ್ನ. ಅಲ್ಲಿ ಒಬ್ಬೊಬ್ಬ ಮಗುವನ್ನೂ ಅದರ ಮನೆಯಲ್ಲಿಯೇ ಕಂಡು, ಅಕ್ಷರ, ಪದ, ಸಣ್ಣ ವಾಕ್ಯಗಳು, ಚಿಕ್ಕದೊಂದು ಕಥೆ ಎಂಬ ಮೆಟ್ಟಿಲುಗಳಲ್ಲಿ ಗಟ್ಟಿಯಾಗಿ ಓದಿಸಿ ನೋಡುತ್ತಾರೆ. ಗ್ರಾಮಾಂತರದ ಐದನೆಯ ತರಗತಿಯ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಲಾರರೆಂಬ ಕಹಿಸತ್ಯವನ್ನು ದೇಶದ ಮುಂದಿಟ್ಟುದು ಈ ಸಮೀಕ್ಷೆ. ಆದಕಾರಣ ಪರೀಕ್ಷೆಯೇ ಬೇಡವೆನ್ನುವ ವಾದಕ್ಕೆ ಇಲ್ಲಿ ಸಮರ್ಥನೆಯಿಲ್ಲ. ಬಡವರ ಮಕ್ಕಳಿಗೆ ಓದು ಬಾರದಿರುವುದನ್ನು ಮುಚ್ಚಿಡುವುದು ಅವರಿಗೆ ಮಾಡುವ ಉಪಕಾರವಲ್ಲ. ಯಾವ ಪರೀಕ್ಷೆ ಯಾವುದನ್ನು ಅಳೆಯಬಲ್ಲುದೆಂಬ ವಿವೇಚನೆ ಮಾತ್ರ ಬೇಕು.

೪

ಈಗ ದರ್ಬೆಯ ಮಗುವಿನ ಭಾಷಾಸಂಪತ್ತನ್ನು ನೋಡಬೇಕು. ‘ನಾನು’ ಎಂಬುದರ ಬಹುವಚನರೂಪವನ್ನು ಬರೆಯಿರಿ ಎಂಬ ಪ್ರಶ್ನೆಗೆ ‘ನಾವು’ ಎಂಬುದು ಉತ್ತರ. ತುಳು ಮಾತನಾಡುವ ಮಗುವಿಗೆ ಮನೆಯಲ್ಲಿ ಎರಡು ಬಹುವಚನಗಳುಂಟು: ಕೇಳುವವನನ್ನೂ ಸೇರಿಸಿಕೊಂಡರೆ ‘ನಮ’, ಅವನನ್ನು ಬಿಟ್ಟು ಹೇಳಿದರೆ ‘ಎಂಕುಲು’. ಹವ್ಯಕ ಕನ್ನಡದಲ್ಲಿಯೂ ‘ನಾವು’, ‘ಎಂಗೊ’ ಎಂಬ ಭೇದವಿದೆ. ಎಂದರೆ ಹೊಸಗನ್ನಡದಲ್ಲಿ ಇಲ್ಲದ ಸೂಕ್ಷ್ಮವೊಂದನ್ನು ಆರು ವರ್ಷದ ಮಗು ದಿನವೂ ತಪ್ಪಿಲ್ಲದೆ ಬಳಸುತ್ತದೆ. ಪ್ರಶ್ನಪತ್ರಿಕೆಯಲ್ಲಿ ಈ ಜ್ಞಾನಕ್ಕೆ ಅಂಕವಿಲ್ಲ. ಒಂದು ಗಳಿಗೆ ತಡವರಿಸಿದರೆ ಅಂಕ ಹೋಗುವುದಂತೂ ನಿಶ್ಚಯ.

ಲಿಂಗವಿವಕ್ಷೆಯ ಉದಾಹರಣೆಯೂ ಇಂಥದೇ. ಈ ಸೀಮೆಯ ಹವ್ಯಕ ಮನೆಗಳಲ್ಲಿ ಸ್ತ್ರೀಯರನ್ನು ಕುರಿತು ನಪುಂಸಕಲಿಂಗದ ಕ್ರಿಯಾರೂಪ ಬಳಸುವುದು ಸಹಜವಾದ ಪ್ರಯೋಗ. ಅದರಲ್ಲಿ ಅಗೌರವದ ಲೇಶವೂ ಇಲ್ಲ. ‘ಅಕ್ಕ ಬಂತು’ ಎಂದು ಬರೆದ ಮಗುವಿನ ಉತ್ತರಪತ್ರಿಕೆಯನ್ನು ದೂರದ ಊರಿನ ಪರೀಕ್ಷಕರು ತಿದ್ದುವಾಗ ಅದನ್ನು ವ್ಯಾಕರಣವರಿಯದವನ ದೋಷವೆಂದೇ ತಿಳಿಯುವರು. ವಾಸ್ತವವಾಗಿ ಅದು ಬೇರೊಂದು ವ್ಯಾಕರಣವನ್ನು ನಿಯತವಾಗಿ ಪಾಲಿಸಿದವನ ವಾಕ್ಯ. ಗ್ರಾಂಥಿಕರೂಪವನ್ನು ಅವನಿಗೆ ಕಲಿಸಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಜ್ಞಾನಕ್ಕೂ ಅನ್ಯಭಾಷಾನಿಯಮಕ್ಕೂ ಒಂದೇ ಕೆಂಪುಗೆರೆ ಎಳೆಯುವ ಪರೀಕ್ಷೆಯಿಂದ, ಏನನ್ನು ಕಲಿಸಬೇಕೆಂಬುದು ಅಧ್ಯಾಪಕರಿಗೆ ತಿಳಿಯದು.

ಮೂರನೆಯದಾಗಿ ಪಕಾರ-ಹಕಾರಗಳ ಸಂಗತಿ. ಹಳಗನ್ನಡದ ಪದಾದಿಯ ಪಕಾರವು ಹತ್ತನೆಯ ಶತಮಾನದಿಂದೀಚೆಗೆ ಕ್ರಮವಾಗಿ ಹಕಾರವಾಯಿತೆಂಬುದು ಭಾಷಾಶಾಸ್ತ್ರಜ್ಞರು ಬಲ್ಲ ವಿಷಯ. ಪೂ, ಪುಲಿ, ಪೆಸರ್ ಎಂಬವು ಹೂ, ಹುಲಿ, ಹೆಸರು ಎಂದಾದುವು. ತುಳುವಿನಲ್ಲಿ ಇಂದಿಗೂ ಪೂ, ಪಿಲಿ, ಪುದರ್ ಎಂದೇ ಇದೆ. ೯೪೧ರ ಸುಮಾರಿನ ಪಂಪಭಾರತದ ಶಬ್ದಗಳನ್ನು ಬೆಂಗಳೂರಿನ ವಿದ್ಯಾರ್ಥಿ ಉರುಹೊಡೆದು ಕಲಿಯಬೇಕಾದಲ್ಲಿ, ದರ್ಬೆಯ ತುಳು ಮಗುವಿನ ಕಿವಿಗೆ ಆ ಪಕಾರ ಪರಕೀಯವಲ್ಲ. ಹಳಗನ್ನಡ ರೂಪಕ್ಕೆ ಹೊಸಗನ್ನಡ ರೂಪ ಬರೆಯಿರಿ ಎಂಬ ಪ್ರಶ್ನೆ ಮೇಲಿನ ತರಗತಿಗಳಲ್ಲಿ ಬರುವುದುಂಟು. ಮನೆಮಾತಿನ ಶಬ್ದವನ್ನೂ ಮೂರನೆಯ ಸಾಲಿನಲ್ಲಿ ಕೇಳುವ ಪತ್ರಿಕೆಯೊಂದು ಇದ್ದಿದ್ದರೆ, ಕೊರತೆಯೆಂದು ಎಣಿಕೆಯಾಗುವುದೇ ಸಂಪತ್ತೆಂದು ತೋರುತ್ತಿದ್ದಿತು. ೨೦೧೦ರ ಬಳಿಕ ಈ ಜಿಲ್ಲೆಯ ಕೆಲವು ಶಾಲೆಗಳಲ್ಲಿ ತುಳು ತೃತೀಯ ಭಾಷೆಯಾಗಿ ಪ್ರವೇಶಿಸಿರುವುದು ಸಂತೋಷದ ಸಂಗತಿಯಾದರೂ, ಅದರಿಂದ ಕನ್ನಡದ ಪ್ರಶ್ನಪತ್ರಿಕೆಯ ದೃಷ್ಟಿ ಬದಲಾದಂತಿಲ್ಲ.

ಗಣಿತದ ಪತ್ರಿಕೆಗೂ ಈ ಮಾತು ಸಲ್ಲುತ್ತದೆ. ವಾಕ್ಯರೂಪದ ಲೆಕ್ಕದಲ್ಲಿ ಮಗು ಮೊದಲು ವಾಕ್ಯವನ್ನು ಅರಿಯಬೇಕು, ಆಮೇಲೆ ಕೂಡಬೇಕು. ವಾಕ್ಯದಲ್ಲಿ ಎಡವಿದವನಿಗೆ ಲೆಕ್ಕ ಬಾರದೆಂದು ಫಲಿತಾಂಶದ ಪಟ್ಟಿ ಸಾರುತ್ತದೆ.

೫

ಪ್ರಶ್ನೆಗಳ ಜಾತಿಯನ್ನು ಪರಿಶೀಲಿಸಿದರೆ ದೋಷದ ಇನ್ನೊಂದು ಮುಖ ಗೋಚರಿಸುತ್ತದೆ. ಬಿಟ್ಟ ಸ್ಥಳ ತುಂಬುವುದು, ಹೊಂದಿಸಿ ಬರೆಯುವುದು, ಪದ್ಯಭಾಗವನ್ನು ಪೂರ್ಣಗೊಳಿಸುವುದು, ಈ ಮಾತನ್ನು ಯಾರು ಯಾರಿಗೆ ಹೇಳಿದರೆಂದು ತಿಳಿಸುವುದು – ಇವು ಕನ್ನಡ ಅಧ್ಯಾಪಕರೆಲ್ಲರಿಗೂ ಪರಿಚಿತವಾದ ಮಾದರಿಗಳು. ಇವುಗಳಲ್ಲಿ ಹೆಚ್ಚಿನವು ಅಳೆಯುವುದು ಸ್ಮರಣೆಯನ್ನು. ಕಂಠಪಾಠ ನಿಷ್ಪ್ರಯೋಜಕವೆಂದು ಹೇಳುವಂತಿಲ್ಲ. ಯಕ್ಷಗಾನದ ಪದ, ಪಾಡ್ದನಗಳು ಬಾಯಿಂದ ಬಾಯಿಗೆ ಬಂದ ನಾಡಿದು. ಆದರೆ ಪಾಡ್ದನವನ್ನು ಹೇಳುವವಳು ಸಂದರ್ಭಕ್ಕೆ ತಕ್ಕಂತೆ ಅದನ್ನು ಹಿಗ್ಗಿಸಬಲ್ಲಳು, ಕುಗ್ಗಿಸಬಲ್ಲಳು. ಪ್ರಶ್ನಪತ್ರಿಕೆ ಬಯಸುವ ಕಂಠಪಾಠದಲ್ಲಿ ಅಕ್ಷರವೊಂದು ಅತ್ತಿತ್ತಾಗಕೂಡದು.

ಪಂಜೆಯವರ ‘ತೆಂಕಣ ಗಾಳಿಯಾಟ’ವನ್ನೇ ತೆಗೆದುಕೊಳ್ಳಬಹುದು. ಆ ಪದ್ಯದ ಸತ್ತ್ವ ಅದರ ನಾದದಲ್ಲಿ, ಗಾಳಿಯ ವೇಗವನ್ನು ಉಸಿರಿಗೆ ತಂದುಕೊಡುವ ಅದರ ಲಯದಲ್ಲಿ ಇದೆ. ಗಾಳಿ ಯಾವ ದಿಕ್ಕಿನಿಂದ ಬಂದಿತು ಎಂಬ ಪ್ರಶ್ನೆಗೆ ಉತ್ತರ ಶೀರ್ಷಿಕೆಯಲ್ಲಿಯೇ ಸಿಕ್ಕುತ್ತದೆ. ಪದ್ಯವನ್ನು ಒಮ್ಮೆಯೂ ಗಟ್ಟಿಯಾಗಿ ಹೇಳದ ಮಗು ಆ ಅಂಕವನ್ನು ಪಡೆಯಬಹುದು. ಪದ್ಯವನ್ನು ಕುಣಿಯುತ್ತ ಹೇಳಿದ ಮಗು ‘ತೆಂಕಣ’ಕ್ಕೆ ‘ತೆನ್ಕಾಯಿ’ ಎಂದು ತುಳುವಿನಲ್ಲಿ ಬರೆದರೆ ಅದನ್ನು ಕಳೆದುಕೊಳ್ಳಬಹುದು. ಇಲ್ಲಿ ಅಳತೆ ತಪ್ಪಿರುವುದು ಸ್ಪಷ್ಟ. ಅದೇ ಪಂಜೆಯವರು ತುಳು ಪಾಡ್ದನದ ವೀರರಾದ ಕೋಟಿ ಚೆನ್ನಯರ ಕಥೆಯನ್ನು ಕನ್ನಡಕ್ಕೆ ತಂದರು. ಆ ವೀರರ ಕಥೆಯೊಡನೆ ಬೆಸೆದುಕೊಂಡಿರುವ ಪಡುಮಲೆ ಪುತ್ತೂರು ತಾಲೂಕಿನಲ್ಲಿಯೇ ಇದೆ. ಮನೆಯಲ್ಲಿ ಕೇಳಿದ ಕಥೆಯನ್ನು ಶಾಲೆಯ ಭಾಷೆಯಲ್ಲಿ ಓದುವಾಗ ಎರಡು ಭಾಷೆಗಳೂ ಒಂದನ್ನೊಂದು ಬೆಳಗುತ್ತವೆ. ಅಂತಹ ಓದನ್ನು ರಾಜ್ಯಕ್ಕೆಲ್ಲ ಒಂದೇ ಆದ ಪತ್ರಿಕೆ ಕೇಳಲಾರದು.

ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದುದೂ, ‘ಬಾಲಪ್ರಪಂಚ’ವನ್ನು ರಚಿಸಿದುದೂ ಪ್ರಸಿದ್ಧವಾಗಿದೆ. ಮಗುವಿನ ಕುತೂಹಲವನ್ನು ಮೊದಲಿಟ್ಟು, ಅದಕ್ಕೆ ತಕ್ಕ ಜ್ಞಾನವನ್ನು ಒದಗಿಸುವುದು ಆ ಗ್ರಂಥದ ಕ್ರಮ. ಪ್ರಶ್ನೆ ಕೇಳುವುದು ಮಗುವಿನ ಹಕ್ಕೆಂಬ ಭಾವ ಅದರ ಹಿಂದಿದೆ. ಪರೀಕ್ಷೆಯಲ್ಲಿ ಪ್ರಶ್ನೆಯೆಲ್ಲ ಹಿರಿಯರದು, ಉತ್ತರ ಮಾತ್ರ ಮಗುವಿನದು. ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ರಾಜ್ಯಕ್ಕೆಲ್ಲ ಹರಡಿದ ‘ನಲಿ-ಕಲಿ’ ಪದ್ಧತಿಯು, ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲೇರಲೆಂಬ ತತ್ತ್ವವನ್ನು ಕೆಳಗಿನ ತರಗತಿಗಳಿಗೆ ತಂದಿತು. ಹಾಗೆ ಏರಿಬಂದ ಮಗುವನ್ನು ಐದನೆಯ ತರಗತಿಯ ಕೊನೆಯಲ್ಲಿ ಒಂದೇ ವೇಗದ ಪತ್ರಿಕೆಯ ಮುಂದೆ ಕೂರಿಸುವುದರಲ್ಲಿ ಪೂರ್ವೋತ್ತರ ವಿರೋಧವಿದೆ.

೬

ಇದಕ್ಕೆ ಪ್ರತಿಯಾಗಿ ಒಂದು ಬಲವಾದ ಆಕ್ಷೇಪ ಬರಬಹುದು. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ೨೦೨೪ರಲ್ಲಿ ಉಡುಪಿ ಮೊದಲನೆಯದು, ದಕ್ಷಿಣ ಕನ್ನಡ ಎರಡನೆಯದು. ೨೦೨೫ರಲ್ಲಿ ದಕ್ಷಿಣ ಕನ್ನಡವೇ ೯೧.೧೨ ಪ್ರತಿಶತದೊಡನೆ ಮೊದಲನೆಯದು. ಮನೆಮಾತು ಬೇರೆಯಾದ ಜಿಲ್ಲೆಗಳೇ ಮುಂದಿರುವಾಗ ಏಕರೂಪ ಪರೀಕ್ಷೆ ಇಲ್ಲಿಯ ಮಕ್ಕಳಿಗೆ ಪ್ರತಿಕೂಲವೆನ್ನುವುದು ಹೇಗೆ?

ಈ ಅಂಕಿಗಳನ್ನೇ ಇನ್ನಷ್ಟು ಲಕ್ಷ್ಯವಿಟ್ಟು ನೋಡಬೇಕು. ೨೦೨೩ರಲ್ಲಿ ಚಿತ್ರದುರ್ಗ ಮೊದಲಿದ್ದಿತು. ಕರಾವಳಿಯ ಎರಡೂ ಜಿಲ್ಲೆಗಳು ಮೊದಲ ಮೂರರಲ್ಲಿ ಇರಲಿಲ್ಲ. ೨೦೨೪ರಲ್ಲಿ ಪರೀಕ್ಷಾಕೊಠಡಿಗಳ ಮೇಲೆ ಯಂತ್ರದ ಕಣ್ಗಾವಲು ಬಂದಿತು. ಕೃಪಾಂಕವನ್ನು ಹೆಚ್ಚಿಸಿದರೂ ರಾಜ್ಯದ ತೇರ್ಗಡೆ ೮೩.೮೯ರಿಂದ ೭೩.೪೦ಕ್ಕೆ ಇಳಿಯಿತು, ಜಿಲ್ಲೆಗಳ ಸ್ಥಾನ ತಲೆಕೆಳಗಾಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿಯಾಗಲಿ ಅಧ್ಯಾಪಕರ ಪಾಠವಾಗಲಿ ಇಷ್ಟು ಮಾರ್ಪಡುವುದು ಅಸಂಭವ. ಕಾವಲಿನ ಬಿಗಿ, ಕೃಪಾಂಕದ ಮೇರೆ ಇವು ಅಂಕಿಯೊಳಗೆ ಎಷ್ಟು ಬೆರೆತಿರುತ್ತವೆಂಬುದಕ್ಕೆ ಇದು ಸಾಕ್ಷಿ. ಇದಲ್ಲದೆ ಜಿಲ್ಲೆಯ ಸರಾಸರಿ ಒಂದು ಶಾಲೆಯ ಒಳಸ್ಥಿತಿಯನ್ನು ತಿಳಿಸುವುದಿಲ್ಲ. ಅನುಕೂಲಸ್ಥರ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿ, ಕೂಲಿಯವರ ಮಕ್ಕಳೂ ಉತ್ತರ ಕರ್ನಾಟಕದಿಂದ ದುಡಿಮೆಗೆ ಬಂದವರ ಮಕ್ಕಳೂ ಉಳಿದಿರುವ ಸರಕಾರಿ ಶಾಲೆಯ ಐದನೆಯ ತರಗತಿಗೂ ಜಿಲ್ಲೆಯ ಹತ್ತನೆಯ ತರಗತಿಯ ಕೀರ್ತಿಗೂ ನೇರವಾದ ಸಂಬಂಧ ಕಲ್ಪಿಸುವುದು ಯುಕ್ತವಲ್ಲ. ಮೇಲಾಗಿ, ಕರಾವಳಿಯ ಮಕ್ಕಳು ತೇರ್ಗಡೆಯಾದರೆಂಬುದರಿಂದ ಪ್ರಶ್ನಪತ್ರಿಕೆ ಸಾಹಿತ್ಯಗ್ರಹಣವನ್ನು ಅಳೆಯಿತೆಂದು ಸಿದ್ಧವಾಗುವುದಿಲ್ಲ.

ಆದಕಾರಣ ಭಾಷಾಪರೀಕ್ಷೆಯಲ್ಲಿ ಓದುವ ಶಕ್ತಿ, ಪಠ್ಯದ ಸ್ಮರಣೆ, ಸಾಹಿತ್ಯದ ಗ್ರಹಣ ಎಂಬ ಮೂರನ್ನು ಬೇರ್ಪಡಿಸುವುದು ಅವಶ್ಯ. ಮೊದಲನೆಯದನ್ನು ಎಲ್ಲೆಡೆಯೂ ಒಂದೇ ಬಗೆಯಾಗಿ ಅಳೆಯಬಹುದು, ಅಳೆಯಲೂ ಬೇಕು. ಅದಕ್ಕೆ ಗಟ್ಟಿಯಾಗಿ ಓದಿಸುವುದೂ, ಹಿಂದೆ ಕಾಣದ ಗದ್ಯಭಾಗವನ್ನು ಕೊಡುವುದೂ ಸಾಧನ. ಎರಡನೆಯದಕ್ಕೆ ಅಲ್ಪಭಾಗದ ಅಂಕ ಸಾಕು. ಮೂರನೆಯದನ್ನು ಮಗುವನ್ನು ಬಲ್ಲ ಅಧ್ಯಾಪಕರಿಗೆ ಬಿಡುವುದು ಲೇಸು. ಫಲಿತಾಂಶ ಪ್ರಕಟವಾಗುವಾಗ ಮಕ್ಕಳ ಮನೆಮಾತು ಯಾವುದೆಂಬ ಕಾಲಮೊಂದು ಇದ್ದರೆ, ದರ್ಬೆಯ ಅಂಕವನ್ನು ಧಾರವಾಡದ ಅಂಕದೊಡನೆ ಹೋಲಿಸುವವರಿಗೆ ತಾವು ಏನನ್ನು ಹೋಲಿಸುತ್ತಿರುವೆವೆಂಬ ಅರಿವಾದರೂ ಇರುತ್ತದೆ.

ಪ್ರಶ್ನಪತ್ರಿಕೆಯನ್ನು ಬರೆಯುವವರು ಸಾಹಿತ್ಯದ ಅಧ್ಯಾಪಕರೇ ಆದುದರಿಂದ ಈ ಹೊಣೆ ಇಲಾಖೆಯೊಂದರದೇ ಎಂದು ಹೇಳಿ ಕೈತೊಳೆದುಕೊಳ್ಳಲು ಬಾರದು. ಪ್ರಕಟವಾದ ಗ್ರಂಥಗಳಂತೆಯೇ ವರ್ಷವರ್ಷದ ಕನ್ನಡ ಪ್ರಶ್ನಪತ್ರಿಕೆಗಳೂ ವಿದ್ವತ್ಪತ್ರಿಕೆಗಳಲ್ಲಿ ವಿಮರ್ಶೆಗೆ ಒಳಗಾಗಲಿ. ರಚಿಸಿದವರ ಹೆಸರು ಬೇಡ, ರಚನೆಯ ಗುಣದೋಷ ಸಾಕು. ಹಾಗಾದಲ್ಲಿ ‘ಎಂಕುಲು’ ಎಂಬ ಮಾತಿನೊಡನೆ ಶಾಲೆಗೆ ಬಂದ ಮಗು ಕನ್ನಡದ ‘ನಾವು’ ಎಂಬುದರೊಳಗೆ ತನಗೂ ಸ್ಥಾನವುಂಟೆಂದು ತಿಳಿಯುವ ಕಾಲ ಬರಬಹುದು.